ಹತ್ತು ರೊಟ್ಟಿಯ ತನಕ

ನನ್ನ ಕೈಗೆ ಸಂಧಿವಾತ ಹತ್ತಿದೆ ಎಂದು ಡಾಕ್ಟರ್ ಹೇಳಿದ್ದು ಒಂದು ಬುಧವಾರ. ನನಗೆ ಅದು ಎಂಟು ತಿಂಗಳ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಟ್ಟಿರಲಿಲ್ಲ. ಆ ಎಂಟು ತಿಂಗಳಲ್ಲಿ ಬಹುಪಾಲು ದಿನ ನಾನು ಮಾಡುತ್ತಿದ್ದ ಕೆಲಸ ಏನೆಂದರೆ, ಮನೆಮನೆಗೆ ಹೋಗಿ ಜನರ ಎಲುಬು, ಕೀಲುಗಳ ನೋವು ಕೇಳಿ ಬರೆದುಕೊಳ್ಳುವುದು. ಇದನ್ನು ಓದಿ ನಗು ಬಂದರೆ ನಕ್ಕುಬಿಡಿ, ನನಗೇನೂ ಬೇಜಾರಿಲ್ಲ.

ಮೊದಲು ನಮ್ಮ ಮನೆಯ ವಿಷಯ ಹೇಳುತ್ತೇನೆ. ನಾವು ಕಲಬುರಗಿಯ ಬ್ರಹ್ಮಪುರದವರು. ಮನೆಯಲ್ಲಿ ನಾನು, ನನ್ನ ಅತ್ತೆ ಗುರಮ್ಮ, ನನ್ನ ಗಂಡ. ಗಂಡ ಕಪನೂರದ ದಾಲ್ ಮಿಲ್ಲಿನಲ್ಲಿ ಮಷಿನ್ ನೋಡಿಕೊಳ್ಳುತ್ತಾರೆ. ಸ್ಟೇಶನ್ ಬಜಾರದ ಒಂದು ಖಾನಾವಳಿಗೆ ನಮ್ಮ ಮನೆಯಿಂದ ದಿನಾ ಜೋಳದ ರೊಟ್ಟಿ ಹೋಗುತ್ತದೆ. ಬೆಳಿಗ್ಗೆ ಐದಕ್ಕೆ ಅತ್ತೆ ಹಿತ್ತಲಿನ ಒಲೆಯ ಮುಂದೆ ಕೂರುತ್ತಾರೆ, ನಾನು ಒಳಗೆ ಗ್ಯಾಸಿನ ಮುಂದೆ. ನಡುವೆ ಒಂದು ಗೋಡೆ. ತಲಾ ನಲವತ್ತು ರೊಟ್ಟಿ ಬಡಿದು ಡಬ್ಬಿ ತುಂಬಿಸಿದ ಮೇಲೆಯೇ ಚಹಾ. ಅತ್ತೆಗೆ ಅರವತ್ತೆಂಟು ವರ್ಷ. ನಾನು ಕೈ ಬಿಟ್ಟರೆ ಎಂಬತ್ತೂ ಅವರೇ ಬಡಿಯುತ್ತಾರೆಂದು ನನಗೆ ಗೊತ್ತು. ನಾನು ಸುಮ್ಮನಿದ್ದುದಕ್ಕೆ ಅದೊಂದು ಕಾರಣ.

ಇನ್ನೊಂದು ಕಾರಣ ನನ್ನ ಅವ್ವ. ನನ್ನ ತವರು ಕಮಲಾಪುರ, ಕೆಂಬಾಳೆಯ ಊರು. ಅವ್ವನ ಬೆರಳುಗಳು ಐವತ್ತು ದಾಟುವುದರೊಳಗೆ ಒಂದೇ ಕಡೆಗೆ ವಾಲಿಕೊಂಡಿದ್ದವು. ಕೊನೆಕೊನೆಗೆ ಬಾಳೆಹಣ್ಣು ಸುಲಿಯಲೂ ಆಗುತ್ತಿರಲಿಲ್ಲ, ನಾನೇ ಸುಲಿದು ಬಾಯಿಗೆ ಇಡುತ್ತಿದ್ದೆ. ಯಾರಾದರೂ ಏನಾಗಿದೆ ಎಂದು ಕೇಳಿದರೆ "ಏನಿಲ್ರಿ, ವಾಯಿ ನೋವು" ಎಂದು ಸೆರಗಿನೊಳಗೆ ಕೈ ಎಳೆದುಕೊಳ್ಳುತ್ತಿದ್ದಳು. ಅವಳನ್ನು ಒಮ್ಮೆಯೂ ಯಾವ ಡಾಕ್ಟರಿಗೂ ತೋರಿಸಲಿಲ್ಲ. ಅವಳು ಹೋಗಿ ಆರು ವರ್ಷವಾಯಿತು. ನನ್ನ ಬಲಗೈಯ ತೋರುಬೆರಳ ಬುಡ ಊದಿಕೊಂಡ ದಿನ ನನಗೆ ಮೊದಲು ಕಂಡದ್ದು ಆ ಕೈ.

ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಬರುತ್ತಿರಲಿಲ್ಲ, ನಿಜ. ಆದರೆ ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ, ಬಿಸಿ ಇರುವಾಗಲೇ ನಾದಬೇಕಲ್ಲ. ಆ ಬಿಸಿಗೆ ಬೆರಳು ಮೆಲ್ಲಗೆ ಬಿಗಿ ಬಿಡುತ್ತಿದ್ದವು. ಹತ್ತು ರೊಟ್ಟಿ ಬಡಿಯುವಷ್ಟರಲ್ಲಿ ಕೈ ನನ್ನ ಮಾತು ಕೇಳುತ್ತಿತ್ತು. ಕೆಲಸ ಮಾಡಿದರೆ ಹೋಗುವ ನೋವು ಎಂಥ ಜಡ್ಡು ಎಂದುಕೊಂಡೆ. ರೊಟ್ಟಿ ಬಡಿಯುವ ಹೆಂಗಸರು ಮಾತ್ರ ಮಾಡುವ ತಪ್ಪು ಇದು. ಎಸರಿನ ಬಿಸಿ ನನ್ನ ರೋಗವನ್ನು ನನ್ನಿಂದಲೇ ಮುಚ್ಚಿಟ್ಟಿತ್ತು.

ಸರ್ವೆ ಕೆಲಸ ಸಿಕ್ಕಿದ್ದು ಆಗಲೇ. ದೇಶದ ತುಂಬ ಜನರ ಎಲುಬು ಮತ್ತು ಕೀಲುಗಳ ಸ್ಥಿತಿ ಹೇಗಿದೆ ಎಂದು ತಿಳಿಯುವ ಅಧ್ಯಯನ. ನಮ್ಮ ಜಿಲ್ಲೆಯಲ್ಲಿ ಮನೆಮನೆಗೆ ಹೋಗಲು ಪದವಿ ಓದಿದ ಹೆಂಗಸರು ಬೇಕಾಗಿದ್ದರು. ತರಬೇತಿಯಲ್ಲಿ ನನಗೆ ಜೊತೆಯಾದವಳು ರೆಹಾನಾ. ನನಗಿಂತ ಹನ್ನೆರಡು ವರ್ಷ ಚಿಕ್ಕವಳು, ಮಾತಿನಲ್ಲಿ ನನಗಿಂತ ಚುರುಕು. ಒಬ್ಬರಿಗೊಬ್ಬರು ಪ್ರಶ್ನೆ ಕೇಳಿ ಅಭ್ಯಾಸ ಮಾಡಬೇಕಿತ್ತು.

"ಅಕ್ಕಾ, ಮುಂಜಾನಿ ಎದ್ದ ಮ್ಯಾಲ ಕೀಲು ಬಿಗೀತಾವೇನ್ರಿ?" ಎಂದಳು.

"ಇಲ್ಲ."

"ಎಷ್ಟೊತ್ತು?"

"ಇಲ್ಲ ಅಂದೆನಲ್ಲ, ಮತ್ತ ಎಷ್ಟೊತ್ತು ಅಂತ ಯಾಕ ಕೇಳ್ತಿ?"

"ಫಾರ್ಮಿನ್ಯಾಗ ಅದಕ್ಕಾ, ನಾ ಏನ್ ಮಾಡ್ಲಿ" ಎಂದು ನಕ್ಕು ಟ್ಯಾಬಿನಲ್ಲಿ ಒತ್ತಿದಳು. ಅಭ್ಯಾಸದ ಫಾರ್ಮು, ಲೆಕ್ಕಕ್ಕೆ ಹೋಗುವುದಲ್ಲ. ನಾನೂ ಹಗುರವಾದೆ.

ಪ್ರತಿ ಮನೆಯಲ್ಲೂ ಪ್ರಶ್ನೆಗಳು ಮುಗಿದ ಮೇಲೆ ಒಂದು ಪರೀಕ್ಷೆ ಇರುತ್ತಿತ್ತು. ನಾವು ಮುಷ್ಟಿ ಕಟ್ಟಿ ತೋರಿಸಬೇಕು, ಎದುರಿನವರು ಅದನ್ನು ನೋಡಿ ಹಾಗೇ ಮಾಡಬೇಕು. ಬೆರಳ ತುದಿ ಅಂಗೈಗೆ ಮುಟ್ಟಿತೋ ಇಲ್ಲವೋ ಎಂದು ಬರೆದುಕೊಳ್ಳಬೇಕು. ಮೊದಲ ತಿಂಗಳು ನಾನು ಹೇಗೋ ತೋರಿಸಿದೆ. ಎರಡನೆಯ ತಿಂಗಳು ಎಡಗೈಯಲ್ಲಿ ತೋರಿಸಿದೆ. ಮೂರನೆಯ ತಿಂಗಳು ಎರಡೂ ಕೈ ಒಂದೇ ಆದವು. ಬೆಳಿಗ್ಗೆ ಕೈ ಬಿಗಿ ಬಿಡಲು ಈಗ ಹತ್ತು ರೊಟ್ಟಿ ಸಾಲುತ್ತಿರಲಿಲ್ಲ, ಹದಿನೈದು ಬೇಕಾಗುತ್ತಿತ್ತು.

ಅದೇ ತಿಂಗಳು ಕಮಲಾಪುರದಲ್ಲಿ ಕಾಶಿಬಾಯಿಯ ಮನೆಗೆ ಹೋದೆ. ಆ ದಿನ ರೆಹಾನಾ ಪಕ್ಕದ ಓಣಿಯಲ್ಲಿದ್ದಳು. ಕಾಶಿಬಾಯಿ ಅರವತ್ತರ ಆಸುಪಾಸಿನ ಹೆಂಗಸು. ಕೂರಲು ಚಾಪೆ ಹಾಕಿ, ತಿನ್ನಲು ಎರಡು ಕೆಂಬಾಳೆ ಮುಂದಿಟ್ಟರು. ನಾನು ಕೇಳಿದ್ದಕ್ಕೆಲ್ಲ ಅವರದು ಒಂದೇ ಉತ್ತರ, "ಇಲ್ಲವ್ವ."

"ಮನಿ ಕೆಲಸ ಯಾರು ಮಾಡ್ತಾರ್ರಿ?"

"ನಾನಽ. ಮತ್ಯಾರು ಮಾಡ್ತಾರ? ಎಲ್ಲಾ ನಾನಽ ಮಾಡ್ತೀನಿ."

ಅವರ ಕೈಗಳು ಸೆರಗಿನೊಳಗಿದ್ದವು. ಬಾಳೆಹಣ್ಣು ಮುಂದಿಡುವಾಗ ಒಂದು ಕ್ಷಣ ಹೊರಗೆ ಬಂದಿದ್ದವು, ನಾನು ನೋಡಿದ್ದೆ. ನನ್ನ ಅವ್ವನ ಕೈಯೇ. ಅದೇ ವಾಲುವಿಕೆ, ಅದೇ ಗಂಟು. ಈಗ ನಾನು ಮುಷ್ಟಿ ಕಟ್ಟಿ ತೋರಿಸಿ, ಹಾಗೇ ಮಾಡಲು ಅವರಿಗೆ ಹೇಳಬೇಕಿತ್ತು. ನನ್ನ ಬೆರಳುಗಳು ಅರ್ಧಕ್ಕೆ ನಿಂತವು. ಕಾಶಿಬಾಯಿ ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಟ್ಯಾಬ್ ತಿರುಗಿಸಿಕೊಂಡು, ಪರೀಕ್ಷೆ ಮಾಡದೆಯೇ ಸರಿ ಇದೆ ಎಂದು ಒತ್ತಿದೆ. ಎರಡು ನಿಮಿಷದಲ್ಲಿ ಎದ್ದೆ. ಬಾಳೆಹಣ್ಣನ್ನು ಚೀಲಕ್ಕೆ ಹಾಕಿಕೊಂಡೆ. ಸುಲಿಯಲು ಆಗುವುದಿಲ್ಲವೆಂದು ಗೊತ್ತಿತ್ತು.

ಬಸ್ಸಿನಲ್ಲಿ ಕಲಬುರಗಿಗೆ ಬರುವ ದಾರಿಯುದ್ದಕ್ಕೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತಿತ್ತು. ಅವ್ವನಿಗೆ ಏನಾಗಿದೆ ಎಂದು ಯಾರೂ ನೋಡಲಿಲ್ಲವಲ್ಲ ಎಂದು ಇಷ್ಟು ವರ್ಷ ಊರಿನ ಮೇಲೆ ಸಿಟ್ಟು ಇಟ್ಟುಕೊಂಡವಳು ನಾನು. ಇವತ್ತು ನೋಡಲೆಂದೇ ಹೋದವಳು ನಾನೇ, ನೋಡಿಯೂ ನೋಡದ ಹಾಗೆ ಬಂದವಳೂ ನಾನೇ. ಆದರೂ ಮನೆಗೆ ಹೋಗಿ ಬಾಯಿ ಬಿಡಲಿಲ್ಲ. ಹೆದರಿಕೆ ಅಂದರೆ ಹಾಗೆ, ನಾಚಿಕೆಗಿಂತ ಗಟ್ಟಿ.

ಮುಂದಿನ ಸುತ್ತು ಕಲಬುರಗಿ ನಗರದ್ದು. ಯಾವ ಮನೆಗೆ ಹೋಗಬೇಕೆಂದು ನಾವು ಆರಿಸುವುದಿಲ್ಲ. ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸಿ ಕೊಡುತ್ತದೆ. ಒಂದು ಬೆಳಿಗ್ಗೆ ಪಟ್ಟಿ ನೋಡಿದರೆ ಬ್ರಹ್ಮಪುರದ ನಮ್ಮ ಓಣಿ, ನಮ್ಮದೇ ಮನೆ. ಸ್ವಂತ ಮನೆಯ ಫಾರ್ಮನ್ನು ನಾವೇ ತುಂಬುವ ಹಾಗಿಲ್ಲ. ರೆಹಾನಾ ಬರಬೇಕಾಯಿತು.

ಭಾನುವಾರ ಬಂದಳು. ಅತ್ತೆ ಅವಳಿಗೆ ಚೂಡಾ, ಚಹಾ ಕೊಟ್ಟು ಗೋಡೆಗೆ ಒರಗಿ ಕೂತರು. ಗಂಡ ಬಾಗಿಲ ಹತ್ತಿರ ಸ್ಟೂಲಿನ ಮೇಲೆ. ಮೊದಲ ಸರದಿ ಅತ್ತೆಯದು.

"ಅಮ್ಮಾ, ಮೊಣಕಾಲ ನೋವು ಏನರ ಅದಾವೇನ್ರಿ?"

"ಏನಿಲ್ಲ. ಕಲ್ಲಿನಂಗ ಅದೀನಿ."

ನನಗೆ ತಡೆಯಲಾಗಲಿಲ್ಲ. "ಅತ್ತಿ, ಮಾಳಿಗಿ ಮೆಟ್ಟಿಲ ಹ್ಯಾಂಗ ಇಳೀತೀರಿ ಅದನ್ನೂ ಹೇಳ್ರಿ. ಗ್ವಾಡಿ ಹಿಡಕೊಂಡು ಅಡ್ಡಡ್ಡ ಇಳೀತಾರ, ರೆಹಾನಾ."

"ಅಕ್ಕಾ, ತರಬೇತ್ಯಾಗ ಇಬ್ಬರಿಗೂ ಕಲಿಸ್ಯಾರಲ್ರಿ. ಯಾರಿಗ್ ಕೇಳ್ತೀವಿ ಅವರಽ ಹೇಳಬೇಕು" ಎಂದಳು ರೆಹಾನಾ. ಅತ್ತೆ ನನ್ನ ಕಡೆ ನೋಡಿ ಮೂಗು ಮುರಿದರು.

ಆಮೇಲೆ ನನ್ನ ಸರದಿ. ಅದೇ ಪ್ರಶ್ನೆ, ಅದೇ ದನಿ. ಮುಂಜಾನೆ ಕೀಲು ಬಿಗಿಯುತ್ತವೆಯೇ?

"ಇಲ್ಲ" ಎಂದೆ.

ರೆಹಾನಾಳ ಬೆರಳು ಟ್ಯಾಬಿನ ಮೇಲೆ ಇಳಿಯುವುದರೊಳಗೆ ಅತ್ತೆ ಮಾತಾಡಿದರು. ಅವರು ನನ್ನ ಕಡೆ ನೋಡುತ್ತಿರಲಿಲ್ಲ, ಚಹಾದ ಬಟ್ಟಲನ್ನು ನೋಡುತ್ತಿದ್ದರು.

"ದಸರಾದಾಗ ಹತ್ತು ರೊಟ್ಟಿ ತನಕ ಬಡಿತ ನಿಧಾನ ಇರ್ತಿತ್ತು. ಸಂಕ್ರಾಂತಿಗೆ ಹದಿನೈದಾತು. ಈಗ ಇಪ್ಪತ್ತು. ಗ್ವಾಡಿ ಆಚಿ ಕುಂತು ದಿನಾ ಎಣಿಸ್ತೀನಿ ನಾ. ಇಪ್ಪತ್ತೆರಡು ವರ್ಷಾತು ಆಕಿ ಬಡಿಯೋದು ಕೇಳ್ಲಾಕತ್ತು. ನಂಗ ಗೊತ್ತಾಗಂಗಿಲ್ಲೇನು?"

ಗಂಡ ಸ್ಟೂಲಿನಿಂದ ಎದ್ದು ನಿಂತರು. ರೆಹಾನಾ ಬೆರಳನ್ನು ಹಾಗೇ ಮೇಲೆ ಹಿಡಿದುಕೊಂಡು ನನ್ನ ಮುಖ ನೋಡಿದಳು. "ಅಕ್ಕಾ, ಅಮ್ಮ ಹೇಳಿದ್ದು ನಾ ಬರಕೊಳ್ಳಂಗಿಲ್ಲ. ನೀವಽ ಹೇಳಬೇಕು. ಸಚ್ಚಿ ಹೇಳ್ರಿ."

ಕಾಶಿಬಾಯಿಯ ಮನೆಯಲ್ಲಿ ಟ್ಯಾಬ್ ತಿರುಗಿಸಿಕೊಂಡದ್ದು ಕಣ್ಣ ಮುಂದೆ ಬಂತು. ಇನ್ನೊಂದು ಸಲ ಇಲ್ಲ ಎಂದರೆ ನನ್ನ ಕೈ ಅವ್ವನ ಕೈಯಾಗುವುದು ಖಂಡಿತ, ಅದೂ ನನ್ನ ಬಾಯಿಂದಲೇ. "ಹೌದು. ಬರಕೋ. ಇಪ್ಪತ್ತು ರೊಟ್ಟಿ ತನಕ ಬೆರಳು ಬಗ್ಗಂಗಿಲ್ಲ" ಎಂದೆ. ಹೇಳಿದ ಮೇಲೆ ಅತ್ತುಬಿಟ್ಟೆ.

"ಇಪ್ಪತ್ತು ರೊಟ್ಟಿ ಅಂದ್ರ ಅರ್ಧ ತಾಸಿಗಿಂತ ಜಾಸ್ತಿ ಆತಲ್ರಿ" ಎಂದು ರೆಹಾನಾ ಒತ್ತಿದಳು. ಆಗ ಅತ್ತೆ ಬಟ್ಟಲು ಕೆಳಗಿಟ್ಟು, "ಹಂಗಿದ್ರ ನನ್ನ ಮೊಣಕಾಲೂ ಬರಕೋ ಯವ್ವಾ. ಕಲ್ಲು ಅಂದಿದ್ದು ಹೊಡದ್ ಹಾಕು" ಎಂದರು. ನಾನು ಅಳುತ್ತಲೇ ನಕ್ಕೆ.

ಹೌದು ಎಂದವರಿಗೆ ಆಸ್ಪತ್ರೆಗೆ ಹೋಗಲು ಒಂದು ಚೀಟಿ ಸಿಗುತ್ತದೆ. ಎಷ್ಟೋ ಜನರ ಕೈಗೆ ನಾನೇ ಕೊಟ್ಟಿದ್ದ ಚೀಟಿ ಅದು. ಅದನ್ನು ಹಿಡಿದು ಎಲುಬಿನ ವಿಭಾಗದ ಹೊರಗೆ ಕೂತಾಗ ಗೊತ್ತಾಯಿತು, ಕೊಡುವುದು ಎಷ್ಟು ಸುಲಭ ಎಂದು. ಅಲ್ಲಿಯ ಡಾಕ್ಟರ್ ನನ್ನ ಬೆರಳ ಗಂಟುಗಳನ್ನು ಒಂದೊಂದಾಗಿ ಒತ್ತಿ ನೋಡಿ, ರಕ್ತ ಪರೀಕ್ಷೆ ಬರೆದು, ಬುಧವಾರ ಬರುವ ಕೀಲುವಾತದ ಡಾಕ್ಟರಮ್ಮನ ಹತ್ತಿರ ಕಳಿಸಿದರು. ಬುಧವಾರ ಎಂಟಕ್ಕೆ ಹೋದರೆ ನನ್ನ ಹೆಸರು ಕೂಗುವಾಗ ಒಂದೂವರೆ. ಅಷ್ಟು ಹೊತ್ತು ಎಲ್ಲರೂ ಎಲ್ಲರ ಕೈ ನೋಡುತ್ತ ಕೂತಿರುತ್ತಾರೆ. ಯಾರ ಕೈ ಎಷ್ಟು ಸೊಟ್ಟಗಾಗಿದೆ, ತಾನು ಎಲ್ಲಿದ್ದೇನೆ, ಮುಂದೆ ಎಲ್ಲಿಗೆ ಹೋಗುತ್ತೇನೆ ಎಂದು ಮನಸ್ಸಿನಲ್ಲೇ ಅಳೆಯುತ್ತಿರುತ್ತಾರೆ. ನಾನೂ ಅಳೆದೆ.

ಅಲ್ಲಿ ಒಬ್ಬ ಚಾಚಾ ಪರಿಚಯವಾದರು. ಸ್ಟೇಶನ್ ಬಜಾರದಲ್ಲಿ ಬಟ್ಟೆ ಹೊಲಿಯುತ್ತಿದ್ದವರು, ಒಂಬತ್ತು ವರ್ಷದಿಂದ ಇದೇ ರೋಗದ ಜೊತೆ ಇರುವವರು. ನಾನು ಚೀಲದ ಜಿಪ್ ಎಳೆಯಲಾಗದೆ ಒದ್ದಾಡುವುದನ್ನು ನೋಡಿ, "ಇಕಡಿ ಕೊಡ್ ಬೇಟಿ" ಎಂದು ತಮ್ಮ ಜೇಬಿನಿಂದ ದಾರದ ಉಂಡೆ ತೆಗೆದು, ಜಿಪ್ಪಿಗೆ ಬೆರಳು ತೂರುವಷ್ಟು ಒಂದು ಕುಣಿಕೆ ಕಟ್ಟಿಕೊಟ್ಟರು. "ಈಗ ಬೆರಳಿಂದ ಹಿಡಿಯೋದ್ ಬ್ಯಾಡ. ತೂರ್ಸು, ಜಗ್ಗು. ಅಷ್ಟಽ." ಅವರ ಅಂಗಿಗೆ ಗುಂಡಿ ಇರಲಿಲ್ಲ, ಒತ್ತುವ ಟಿಚ್ ಗುಂಡಿ ಹಾಕಿಕೊಂಡಿದ್ದರು. ಆ ಕುಣಿಕೆ ಇನ್ನೂ ನನ್ನ ಚೀಲದಲ್ಲಿದೆ.

ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡಲಿಲ್ಲ. ಇದು ಪೂರ್ತಿ ಹೋಗುವ ರೋಗವಲ್ಲ, ಹಿಡಿದು ನಿಲ್ಲಿಸಬಹುದಾದ ರೋಗ ಎಂದರು. ಅವ್ವನ ಕೈಯ ವಿಷಯ ಹೇಳಿದೆ. "ಅವರು ಬರಲಿಲ್ಲ, ನೀವು ಬಂದಿದ್ದೀರಿ. ಅದೇ ವ್ಯತ್ಯಾಸ" ಎಂದರು. ಮುಖ್ಯವಾದ ಗುಳಿಗೆ ವಾರಕ್ಕೆ ಒಂದೇ ದಿನ. ಮರೆತು ದಿನಾ ನುಂಗಿದರೆ ಜೀವಕ್ಕೇ ಅಪಾಯ ಎಂದು ಎರಡು ಸಲ ಹೇಳಿ, ಚೀಟಿಯ ಮೇಲೆ ದೊಡ್ಡದಾಗಿ ಬರೆದರು. ಮನೆಗೆ ಬಂದ ಮೇಲೆ ದಿನ ಗೊತ್ತುಮಾಡಿದವರು ಅತ್ತೆ. "ಸೋಮವಾರ ನಂದು ಒಪ್ಪತ್ತು, ನಿಂದು ಗುಳಗಿ. ಇಬ್ಬರಿಗೂ ಮರಿಯಂಗಿಲ್ಲ."

ಗಂಡ ಎರಡು ದಿನ ಏನೂ ಮಾತಾಡಲಿಲ್ಲ. ನನಗೆ ಸಂಕಟವಾಯಿತು. ಮೂರನೆಯ ದಿನ ಕಪನೂರದ ಒಂದು ವರ್ಕ್‌ಶಾಪಿನಿಂದ ರೊಟ್ಟಿ ಒತ್ತುವ ಕಬ್ಬಿಣದ ಮಷಿನ್ ಮಾಡಿಸಿಕೊಂಡು ಬಂದು ಅಡುಗೆಮನೆಯಲ್ಲಿ ಇಟ್ಟರು. ಅದೇ ಅವರ ಮಾತು. ಅತ್ತೆ ಅದರಲ್ಲಿ ಒತ್ತಿದ ಮೊದಲ ರೊಟ್ಟಿ ಎತ್ತಿ ಹಿಡಿದು, "ಇದು ರೊಟ್ಟಿ ಅಲ್ಲ, ಜಡ್ಡ ಹಿಡದ ಹಪ್ಪಳ" ಎಂದು ಬೈದರು. ಒಂದು ವಾರದ ಮೇಲೆ ನೋಡಿದರೆ, ಮೊಣಕಾಲು ಕಾಡಿದ ದಿನ ಅವರೇ ನಿಂತುಕೊಂಡು ಅದರಲ್ಲಿ ಒತ್ತುತ್ತಿದ್ದರು.

ಗುಳಿಗೆ ನುಂಗಿದ ಮರುದಿನವೇ ಕೈ ಸಡಿಲಾಗುತ್ತದೆ ಎಂದು ಕಾಯಬೇಡಿ. ನಾನು ಕಾಯ್ದು ಕೆಟ್ಟೆ. ಆರು ವಾರ ಏನೂ ಆಗಲಿಲ್ಲ. ಆದದ್ದೆಂದರೆ ಮಂಗಳವಾರಗಳಂದು ಹಂಚಿನ ವಾಸನೆಗೇ ವಾಕರಿಕೆ, ಬಾಚಣಿಗೆಯ ತುಂಬ ಕೂದಲು. ಏಳನೆಯ ಸೋಮವಾರ ಗುಳಿಗೆಯನ್ನು ಕಪಾಟಿನಲ್ಲೇ ಬಿಟ್ಟೆ. ಸಂಜೆಯಾದರೂ ಅತ್ತೆ ತಮ್ಮ ಒಪ್ಪತ್ತಿನ ಒಂದೇ ಊಟಕ್ಕೆ ತಾಟಿನ ಮುಂದೆ ಬರಲಿಲ್ಲ.

"ಊಟ ಮಾಡ್ರಿ ಅತ್ತಿ, ಹೊತ್ತಾತು."

"ನಿಂದ್ ಆಗಲಿ ಮೊದಲ."

"ನಂಗ ಸಾಕಾಗ್ಯದ್ರಿ."

"ನಂಗೂ ಹಸಿವಿ ಆಗ್ಯದ. ನೋಡೋಣು ಯಾರು ಮೊದಲ ಸೋಲ್ತಾರ."

ಅರವತ್ತೆಂಟರ ಮುದುಕಿ ಹಸಿದು ಕೂತು ನನ್ನನ್ನು ಹೆದರಿಸುತ್ತಾಳಲ್ಲ ಎಂದು ಸಿಟ್ಟು ನೆತ್ತಿಗೇರಿತು. ಸಿಟ್ಟಿನಲ್ಲೇ ಉಂಡು, ಸಿಟ್ಟಿನಲ್ಲೇ ನುಂಗಿದೆ. ಮಲಗುವ ಮೊದಲು ಆ ಸಿಟ್ಟನ್ನು ರೋಗದ ಮೇಲೆ ತಿರುಗಿಸಿದೆ. ಇದಕ್ಕೆ ನನ್ನ ಕೈ ಬಿಟ್ಟುಕೊಡುವುದಿಲ್ಲ ಎಂದು ಅವತ್ತು ಪಟ್ಟು ಹಿಡಿದೆ. ಆಮೇಲೆ ಯಾರೂ ನನಗೆ ಸೋಮವಾರ ನೆನಪಿಸಬೇಕಾಗಲಿಲ್ಲ. ವಾಕರಿಕೆಯ ವಿಷಯ ಡಾಕ್ಟರಮ್ಮನಿಗೆ ಹೇಳಿದೆ, ಅದಕ್ಕೂ ಔಷಧಿ ಇತ್ತು. ಹೇಳದೆ ಅನುಭವಿಸಿದ್ದು ನನ್ನ ದಡ್ಡತನ.

ಹತ್ತನೆಯ ವಾರ ಒಂದು ಬೆಳಿಗ್ಗೆ ಗೋಡೆಯ ಆಚೆಯಿಂದ ಅತ್ತೆಯ ದನಿ ಬಂತು. "ಹದಿನಾಲ್ಕು." ಅಷ್ಟೇ. ಇಪ್ಪತ್ತರಿಂದ ಹದಿನಾಲ್ಕಕ್ಕೆ ಇಳಿದಿತ್ತು. ನಾನು ಬಡಿಯುತ್ತಲೇ ಇದ್ದೆ, ಕಣ್ಣು ತುಂಬಿ ರೊಟ್ಟಿ ಕಾಣುತ್ತಿರಲಿಲ್ಲ. ಇನ್ನೆರಡು ತಿಂಗಳಿಗೆ ಎಂಟಾಯಿತು. ಈಗ ಮೂರು. ಬಲಗೈಯ ಕಿರುಬೆರಳು ಮಾತ್ರ ಪೂರ್ತಿ ಮಡಚುವುದಿಲ್ಲ. ಅದು ನಾನು ಸುಮ್ಮನಿದ್ದ ಎಂಟು ತಿಂಗಳ ಗುರುತು, ಇರಲಿ.

ಕೈ ಸುಧಾರಿಸಿದ ಮೇಲೂ ಒಂದು ಮುಳ್ಳು ಉಳಿದಿತ್ತು. ನಮ್ಮ ಮೇಲ್ವಿಚಾರಕರ ಹತ್ತಿರ ಹೋಗಿ, ಕಮಲಾಪುರದ ಒಂದು ಮನೆಯಲ್ಲಿ ಮುಷ್ಟಿ ಪರೀಕ್ಷೆ ಮಾಡದೆಯೇ ಬರೆದಿದ್ದೇನೆ ಎಂದು ಒಪ್ಪಿಕೊಂಡೆ. ಅವರು ಚೆನ್ನಾಗಿ ಬೈದರು. ಬೈದ ಮೇಲೆ ಬರೆದುಕೊಡಲು ಹೇಳಿದರು, ಬರೆದುಕೊಟ್ಟೆ. ನಾನು ಮಾಡಿದ ಬೇರೆ ಮನೆಗಳನ್ನೂ ಇನ್ನೊಬ್ಬರು ತಪಾಸಣೆ ಮಾಡಿದರು. ಇನ್ನೊಂದು ಮಾತನ್ನೂ ಹೇಳಿದೆ. ನಮ್ಮ ಕಡೆಯ ಹೆಂಗಸರನ್ನು ಎಷ್ಟು ನಿಮಿಷ ಎಂದು ಕೇಳಿದರೆ ಏನೂ ಸಿಗುವುದಿಲ್ಲ ಸರ್, ಎಷ್ಟು ರೊಟ್ಟಿ ಎಂದು ಕೇಳಬೇಕು. ಅದಕ್ಕೆ ಅವರು, ಫಾರ್ಮು ಬದಲಿಸಲು ಬರುವುದಿಲ್ಲ, ಆದರೆ ಅದೇ ಪ್ರಶ್ನೆ ಕೇಳಿ, ಅರ್ಥವಾಗದಿದ್ದರೆ ಹೀಗೆ ಬಿಡಿಸಿ ಹೇಳಬಹುದು ಎಂದರು. ಕಾಶಿಬಾಯಿಯ ಮನೆಗೆ ಮರುಭೇಟಿಗೆ ಒಪ್ಪಿದರು. ಫಾರ್ಮು ತುಂಬುವವಳು ರೆಹಾನಾ, ನಾನು ಜೊತೆಗೆ ಮಾತ್ರ.

ಕಾಶಿಬಾಯಿಗೆ ನನ್ನ ಗುರುತು ಹತ್ತಿತು. ಅದೇ ಚಾಪೆ, ಮುಂದೆ ಎರಡು ಕೆಂಬಾಳೆ. ರೆಹಾನಾ ಪ್ರಶ್ನೆ ಶುರುಮಾಡುವ ಮೊದಲೇ ನಾನು ಒಂದು ಹಣ್ಣು ಸುಲಿದೆ. ದಪ್ಪ ಸಿಪ್ಪೆ, ಸ್ವಲ್ಪ ಹೊತ್ತು ಹಿಡಿಯಿತು. ಅರ್ಧ ಮುರಿದು ಅವರ ಮುಂದೆ ಹಿಡಿದೆ. ಅವರು ಸೆರಗಿನಿಂದ ಕೈ ತೆಗೆಯಲಿಲ್ಲ.

"ಅವತ್ತ ಬಂದಾಗ ನಾ ನಿಮಗ ಮುಷ್ಟಿ ಕಟ್ಟಿ ತೋರಸಲಿಲ್ಲರಿ," ಎಂದೆ. "ನಂಗ ಕಟ್ಟಲಾಕ ಬರ್ತಿರ್ಲಿಲ್ಲ. ಅದಕ್ಕ ನಿಮಗೂ ಕೇಳಲಿಲ್ಲ. ತಪ್ಪಾತು."

"ನಾ ನೋಡಿದ್ದೆ ತಂಗಿ" ಎಂದರು ಕಾಶಿಬಾಯಿ.

ನಾನು ಕೈ ಮುಂದೆ ಚಾಚಿ ಮುಷ್ಟಿ ಕಟ್ಟಿದೆ. ಉಳಿದ ಬೆರಳು ಒಳಗೆ ಹೋದವು, ಕಿರುಬೆರಳು ಹೊರಗೇ ನಿಂತಿತು. ಅವರು ಬಗ್ಗಿ ನೋಡಿದರು.

"ಎಷ್ಟ ರೊಟ್ಟಿ ಆದ ಮ್ಯಾಲ ಬಿಡ್ತಾವ ನಿನ್ನ ಕೈ?"

ಯಾರೂ ಕಲಿಸದೆಯೇ ಅವರು ಆ ಪ್ರಶ್ನೆ ಕೇಳಿದ್ದರು. "ಮೊದಲ ಇಪ್ಪತ್ತು. ಈಗ ಮೂರು" ಎಂದೆ.

ಅವರು ಸೆರಗಿನಿಂದ ಎರಡೂ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ಮುಷ್ಟಿ ಕಟ್ಟಲು ನೋಡಿದರು. ಬೆರಳುಗಳು ಅಲುಗಿದವು, ಅಷ್ಟೇ.

"ನಂದು ಎಣಿಕೀನಽ ಇಲ್ಲವ್ವ. ರೊಟ್ಟಿ ಬಡಿಯೋದು ಬಿಟ್ಟು ನಾಕ ವರ್ಷಾತು. ಬಾಜೂ ಮನಿಯಾಕಿ ಕೊಡ್ತಾಳ. ಬರಕೋ" ಎಂದರು ರೆಹಾನಾಳಿಗೆ. ರೆಹಾನಾ ಬರೆದುಕೊಂಡಳು, ಚೀಟಿ ಹರಿದು ಕೊಟ್ಟಳು. ಕೀಲುವಾತದ ಡಾಕ್ಟರಮ್ಮ ಬರುವುದು ಬುಧವಾರ ಎಂದು ನಾನು ಹೇಳಿದೆ. ಕಾಶಿಬಾಯಿ ಅದನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದುಕೊಂಡರು.

ನನ್ನ ಕೈಯಲ್ಲಿ ಅರ್ಧ ಹಣ್ಣು ಹಾಗೇ ಇತ್ತು. ಅವರು ಬಾಯಿ ಮುಂದೆ ತಂದರು, ನಾನು ತಿನ್ನಿಸಿದೆ. ತಿಂದು ಮುಗಿಸಿ ಕೇಳಿದರು, "ಬುಧವಾರ ಅಂದ್ಯಲ್ಲ, ಕಲಬುರಗಿಗಿ ಮುಂಜಾನಿ ಮೊದಲನೇ ಬಸ್ಸ ಎಷ್ಟಕ್ಕದ?"